ಐದು ಲಕ್ಷ ಪೀಪಾಯಿ: ಏಳನೆಯ ಕಂತು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಎಣ್ಣೆ ಬಾವಿಯ ಕೆಲಸ ಬಲ್ಲವರು ಓದುಗರಲ್ಲಿ ಇದ್ದೇ ಇರುತ್ತೀರಿ. ನಿಮ್ಮ ಮುಂದೆ ನೆಲದಡಿಯ ಲೆಕ್ಕ ಹೇಳಲು ಹೊರಟಿರುವುದು ಅಧಿಕಪ್ರಸಂಗವೇ ಸರಿ. ಕೂಡಿಸಿದ್ದನ್ನೂ ಕಳೆದದ್ದನ್ನೂ ಮೂರು ಸಲ ನೋಡಿದ್ದೇನೆ. ಆದರೂ ತಪ್ಪು ಕಂಡರೆ ಅದು ನನ್ನದು, ಕಥೆಯಲ್ಲಿರುವವರದಲ್ಲ.

ಐದು ಲಕ್ಷ ಪೀಪಾಯಿ ಕೊಡುತ್ತದೆ ಎಂದು ಅಂದಾಜು ಮಾಡಿದ್ದ ಬಾವಿ ಆರು ವರ್ಷದಲ್ಲಿ ಮೂರು ಲಕ್ಷ ಹತ್ತು ಸಾವಿರ ಕೊಟ್ಟು ಸೊರಗಿಹೋಗಿತ್ತು. ಮಿಕ್ಕದ್ದನ್ನು ಟ್ಯಾಂಕ್ ಅಳೆಯುವವನೇ ಕದ್ದ ಎಂದು ಕಂಪನಿ ಬರೆದಿಟ್ಟ ದೂರು ಆ ದಿನ ಸಂಜೆ ನಾಲ್ಕಕ್ಕೆ ಪೊಲೀಸರ ಕೈ ಸೇರುವುದಿತ್ತು.

"ಆ ಕಂಬಿ ಹಿಡೀಬೇಡಿ ಅಮ್ಮ, ಅದು ಅಲ್ಲಾಡುತ್ತೆ. ಈ ಕಡೆದು ಹಿಡ್ಕೊಳ್ಳಿ."

ತಕ್ಕಡಿಯಮ್ಮ ಈ ಕಡೆಯ ಕಂಬಿ ಹಿಡಿದಳು. ಟ್ಯಾಂಕಿನ ಮೆಟ್ಟಿಲು ಐವತ್ತೆರಡು. ಐವತ್ತೆರಡನೆಯದರ ಮೇಲೆ ನಿಂತಾಗ ಅವಳ ಮಂಡಿಗಳು ಬೇರೆ ಯಾರದೋ ಆಗಿದ್ದವು. ಮೂವತ್ತನಾಲ್ಕು ವರ್ಷ ಅಳತೆ ಮತ್ತು ತೂಕದ ಇಲಾಖೆಯಲ್ಲಿ ಅಂಗಡಿ ಅಂಗಡಿಗೆ ನುಗ್ಗಿ ಕಳ್ಳ ಬಟ್ಟುಗಳನ್ನು ಹಿಡಿದವಳು. ಆ ಹೆಸರು ವ್ಯಾಪಾರಿಗಳು ಸಿಟ್ಟಿನಿಂದ ಇಟ್ಟದ್ದು. ನಿವೃತ್ತಿಯಾದ ಮೇಲೂ ಅದು ಅವಳನ್ನು ಬಿಡಲಿಲ್ಲ. ಕಂಪನಿ ಅವಳನ್ನು ವಿಚಾರಣೆಗೆ ಕರೆಸಿ ಮೂರು ದಿನ ಕೊಟ್ಟಿತ್ತು. ಇದು ಮೂರನೆಯದು, ಬೆಳಗಿನ ಹನ್ನೊಂದು ಗಂಟೆ.

"ಗಾಳಿಗೆ ಬೆನ್ನು ಮಾಡಿ ನಿಲ್ಲಿ," ಎಂದ ಟ್ಯಾಂಕ್ ಅಳೆಯುವ ಟೇಪಣ್ಣ. "ಮುಚ್ಚಳ ತೆಗೆದಾಗ ವಾಸನೆ ಮುಖಕ್ಕೆ ಹೊಡೆಯುತ್ತೆ."

ಅವನು ಅಂಗೈಯಗಲದ ಮುಚ್ಚಳ ತೆಗೆದ. ತುದಿಗೆ ಹಿತ್ತಾಳೆಯ ಗುಂಡು ಕಟ್ಟಿದ್ದ ಉಕ್ಕಿನ ಟೇಪನ್ನು ನಿಧಾನವಾಗಿ ಒಳಗೆ ಬಿಟ್ಟ. ಗುಂಡು ತಳ ಮುಟ್ಟಿದ್ದು ಅವಳಿಗೆ ಕೇಳಿಸಲಿಲ್ಲ. ಅವನ ಬೆರಳಿಗೆ ತಿಳಿಯಿತು. ಮೇಲೆ ಎಳೆದು, ಎಣ್ಣೆ ಹತ್ತಿದ ಗೆರೆಗೆ ಉಗುರು ಒತ್ತಿ ಹಿಡಿದ.

"ನಾಲ್ಕು ಮೀಟರ್ ಹನ್ನೆರಡು ಸೆಂಟಿ ಆರು ಮಿಲಿ."

ಒರೆಸಿ ಮತ್ತೆ ಬಿಟ್ಟ. ನಾಲ್ಕು, ಹನ್ನೆರಡು, ಆರು. ಮೂರನೆಯ ಸಲವೂ ಅದೇ.

ತಕ್ಕಡಿಯಮ್ಮ ಚೀಲದಿಂದ ತನ್ನದೇ ಟೇಪು ತೆಗೆದಳು. ಇಲಾಖೆಯವರು ಬೀಳ್ಕೊಡುವಾಗ ಗೋಡೆ ಗಡಿಯಾರದ ಬದಲು ಇದನ್ನೇ ಕೊಡಿ ಎಂದು ಕೇಳಿ ಪಡೆದದ್ದು. ಅವಳಿಗೆ ಬಂದದ್ದು ನಾಲ್ಕು, ಹನ್ನೆರಡು, ಐದು.

"ನಿಮ್ಮದು ಒಂದು ಮಿಲಿ ಎಳೆದಿದೆ ಅಮ್ಮ. ವಯಸ್ಸಾಯ್ತು."

"ಯಾರಿಗೆ?"

"ಟೇಪಿಗೆ," ಎಂದು ಅವನು ನಕ್ಕ. ಸಂಜೆ ನಾಲ್ಕಕ್ಕೆ ಜೈಲಿನ ದಾರಿ ಹಿಡಿಯಬಹುದಾದ ಮನುಷ್ಯ ಹೀಗೆ ನಗುವುದು ಅವಳಿಗೆ ಒಂದು ಕಡೆ ಹಿಡಿಸಿತು, ಇನ್ನೊಂದು ಕಡೆ ಕಸಿವಿಸಿ ಮಾಡಿತು.

ಅಳತೆಯಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಅವನು ಬರೆದದ್ದಕ್ಕೂ ಟ್ಯಾಂಕರುಗಳು ಹೊತ್ತು ಹೋದದ್ದಕ್ಕೂ ತಾಳೆಯಾಗುತ್ತದೆ ಎಂದು ಮೊನ್ನೆಯೇ ನೋಡಿದ್ದಳು. ಆದರೆ ಮ್ಯಾನೇಜರ್ ಅದಕ್ಕೂ ಉತ್ತರ ಇಟ್ಟುಕೊಂಡಿದ್ದರು. 'ಅಳೆಯೋಕೆ ಮುಂಚೆಯೇ ಬೇರೆ ಲಾರಿಗೆ ತುಂಬಿಸಿ ಕಳಿಸಿದ್ರೆ? ಆಮೇಲೆ ಉಳಿದದ್ದನ್ನ ಎಷ್ಟು ಸರಿಯಾಗಿ ಅಳೆದರೆ ಏನು ಬಂತು?' ಆ ಮಾತನ್ನು ತಳ್ಳಿಹಾಕಲು ಅವಳ ಹತ್ತಿರ ಏನೂ ಇರಲಿಲ್ಲ.

"ನೇರವಾಗಿ ಕೇಳ್ತೀನಿ," ಎಂದಳು. "ನೀನು ತಗೊಂಡ್ಯಾ?"

"ಇಲ್ಲ ಅಂದ್ರೆ ನಂಬ್ತೀರಾ?"

"ನಂಬೋದು ನನ್ನ ಕೆಲಸ ಅಲ್ಲ."

"ಮತ್ತೆ ಕೇಳೋದ್ಯಾಕೆ, ಸುಮ್ಮನೆ ಬಾಯಿ ನೋವು." ಅವನು ಮುಚ್ಚಳ ಹಾಕಿ ತಿರುಪು ಬಿಗಿದ. "ಮೂವತ್ತೊಂದು ವರ್ಷ ಟ್ಯಾಂಕುಗಳ ಮೆಟ್ಟಿಲು ಹತ್ತಿದ್ದೀನಿ. ದಿನಕ್ಕೆ ಆರು ಸಲ. ಒಂದು ದಿನ ಕೂಡ ಕೆಳಗೆ ಕೂತು ಅಂದಾಜಿನ ಮೇಲೆ ಬರೆದವನಲ್ಲ."

ಮೇಲಿನಿಂದ ಇಡೀ ಆವರಣ ಅಂಗೈಯಲ್ಲಿ ಇಟ್ಟಂತೆ ಕಾಣುತ್ತಿತ್ತು. ಬೇಲಿಯ ಒಳಗೆ ಒಂದೇ ಬಾವಿ, ಅದರ ಹಸಿರು ಬಣ್ಣದ ತಿರುಪುಗಳು. ಅಲ್ಲಿಂದ ಹೊರಟ ಪೈಪು ಒಂದು ಉರುಟು ಪಾತ್ರೆಯ ಹೊಟ್ಟೆ ಸೇರುತ್ತದೆ. ಅಲ್ಲಿ ಎಣ್ಣೆ ಬೇರೆ, ಗ್ಯಾಸ್ ಬೇರೆ. ಎಣ್ಣೆ ಟ್ಯಾಂಕಿಗೆ ಬರುತ್ತದೆ. ಬೇಡದ ಗ್ಯಾಸ್ ದೂರದ ಒಂದು ಕೊಳವೆಯ ತುದಿಯಲ್ಲಿ ಉರಿದು ಹೋಗುತ್ತದೆ.

ಬಾವಿ ಸೊರಗಿದ್ದರೂ ಆ ಉರಿ ಎರಡು ಆಳಿನಷ್ಟು ಎತ್ತರವಿತ್ತು.

ಎರಡು ದಿನದಿಂದ ಅದನ್ನು ನೋಡುತ್ತಲೇ ಇದ್ದಳು. ಈಗ ಯಾಕೋ ಅದು ಕಣ್ಣಿಗೆ ಚುಚ್ಚಿತು. ಯಾಕೆ ಎಂದು ಹೇಳಲು ಆಗಲಿಲ್ಲ. ಅವಳ ವಿಚಾರಣೆಗಳಲ್ಲಿ ಇಂಥ ಗಳಿಗೆ ಬಂದಾಗಲೆಲ್ಲ ಅವಳಿಗೆ ಮೊದಲು ಅನ್ನಿಸುವುದು ಒಂದೇ: ಇದು ನನ್ನ ಭ್ರಮೆ ಇರಬೇಕು.

*

ಟೇಪಣ್ಣನ ಮನೆ ಬೇಲಿಯ ಆಚೆಗಿನ ಸಾಲು ಮನೆಗಳಲ್ಲಿ ಕೊನೆಯದು. ಅವನ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತಕ್ಕಡಿಯಮ್ಮನನ್ನು ಕಂಡು ಕ್ಲಿಪ್ಪನ್ನು ಹಲ್ಲಿನಲ್ಲೇ ಕಚ್ಚಿಕೊಂಡು ಮಾತಾಡಿದಳು.

"ಕಳ್ಳನ ಮನೆ ನೋಡೋಕೆ ಬಂದ್ರಾ ಅಕ್ಕ? ನೋಡಿ, ನೋಡಿ. ಲಕ್ಷಗಟ್ಟಲೆ ಪೀಪಾಯಿ ಎಲ್ಲಿ ಇಟ್ಟಿದ್ದೀವಿ ಅಂತ ನಾನೂ ಹುಡುಕ್ತಾನೇ ಇದ್ದೀನಿ. ಆ ಬಕೆಟ್ ಎತ್ತಿ ನೋಡಿದ್ರಾ?"

"ಎತ್ತಿದೆ. ಹಲ್ಲಿ ಇತ್ತು."

ಅವಳು ಕ್ಲಿಪ್ಪು ಬಾಯಿಂದ ತೆಗೆದಳು. ನಗು ತಡೆಯಲು ನೋಡಿ ಸೋತಳು. ಆಮೇಲೆ ತಡೆದದ್ದು ನಗುವಲ್ಲ, ಅಳು ಎಂದು ತಕ್ಕಡಿಯಮ್ಮನಿಗೆ ತಿಳಿಯಿತು.

"ಕೆಲಸದ ಅಂಗಿ ಒಗೆದಿಟ್ಟಿದ್ದೀನಿ. ಪೊಲೀಸರು ಬಂದಾಗ ಯಾವ ಅಂಗಿ ಹಾಕ್ಕೊಂಡು ಹೋಗಬೇಕು ಅಂತ ಕೇಳಿದ್ರು ನನ್ನ ಯಜಮಾನ್ರು. ತಮಾಷೆಗೆ ಕೇಳಿದ್ದಂತೆ. ಹೀಗೂ ತಮಾಷೆ ಉಂಟಾ?"

ತಕ್ಕಡಿಯಮ್ಮ ಒಣಗುತ್ತಿದ್ದ ಅಂಗಿಯ ತೋಳು ಹಿಡಿದಳು. ಬಿಳಿ ಅಂಗಿ, ಆದರೆ ಬೂದಿ ಬಣ್ಣ. ಬೆರಳಿಗೆ ಕಪ್ಪು ಹತ್ತಿತು.

"ಸೋಪಿನದಲ್ಲ ತಪ್ಪು," ಎಂದಳು ಹೆಂಡತಿ. "ಆ ಬೆಂಕಿಯ ಮಸಿ. ಈ ಸಾಲಲ್ಲಿ ಬಿಳಿ ಅನ್ನೋ ಬಣ್ಣವೇ ಇಲ್ಲ. ಎಷ್ಟು ಸಲ ದೂರು ಕೊಟ್ಟಿದ್ದೀವಿ. ಮೇಷ್ಟ್ರ ರಿಪೋರ್ಟ್ ತೋರಿಸಿ, 'ಇಷ್ಟು ಕಡಿಮೆ ಗ್ಯಾಸಿಗೆ ಮಸಿ ಬರೋದಿಲ್ಲಮ್ಮ' ಅಂತ ಕಳಿಸಿಬಿಡ್ತಾರೆ. ಮಸಿ ಕಣ್ಣೆದುರಿಗೇ ಇದ್ರೂ ರಿಪೋರ್ಟಲ್ಲಿ ಇಲ್ವಲ್ಲ!"

ತಕ್ಕಡಿಯಮ್ಮನ ಬೆರಳು ತೋಳಿನ ಮೇಲೆಯೇ ನಿಂತಿತು.

ಅಂದಾಜು ಮಾಡಿದವರು ಮೇಷ್ಟ್ರು. ಅವರ ನೂರ ಅರವತ್ತು ಪುಟದ ವರದಿಯನ್ನು ಅವಳು ಎರಡು ಸಲ ಓದಿದ್ದಳು, ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು. ಆ ಬಾವಿಯ ಎಣ್ಣೆಯಲ್ಲಿ ಗ್ಯಾಸ್ ಬಹಳ ಕಡಿಮೆ, ಉರಿಸಿದರೆ ಒಂದು ಮೊಳದ ಬೆಂಕಿ ಎಂದು ಅದರಲ್ಲಿತ್ತು. ಕಣ್ಣಿಗೆ ಚುಚ್ಚಿದ್ದು ಅದು.

"ಮೊದಲಿಂದಲೂ ಇಷ್ಟೇ ಎತ್ತರ ಉರೀತಿತ್ತಾ?"

"ಇಷ್ಟಾ? ಮೊದಲ ದಿನ ನೋಡಬೇಕಿತ್ತು ನೀವು. ದೊಡ್ಡವರೆಲ್ಲ ಬಂದಿದ್ರು, ಶಾಮಿಯಾನ, ಕುರ್ಚಿ, ಭಾಷಣ. ಅವರಿಗೆ ತೋರಿಸೋಕೆ ಅಂತ ಬಾವೀನ ಎರಡು ದಿನ ಪೂರಾ ತೆರೆದು ಬಿಟ್ಟಿದ್ರು. ಬೆಂಕಿ ಆಕಾಶಕ್ಕೆ. ನಮ್ಮ ಮನೆ ಕಿಟಕಿ ಗಾಜು ಬಿಸಿಯಾಗಿತ್ತು ಅಕ್ಕ, ಸುಳ್ಳಲ್ಲ."

"ಯಾವ ದಿನ ಅಂತ ನೆನಪಿದೆಯಾ?"

"ನೆನಪಿಲ್ಲದೆ ಏನು. ನಮ್ಮ ಚಿಕ್ಕವಳು ನಡೆಯೋಕೆ ಕಲಿತ ದಿನ. ಬೆಂಕಿ ನೋಡಿ ಹೆದರಿ, ನನ್ನ ಕಡೆ ನಾಲ್ಕು ಹೆಜ್ಜೆ ಓಡಿ ಬಂದ್ಲು."

ಅವಳು ಹೇಳಿದ ತಾರೀಖನ್ನು ತಕ್ಕಡಿಯಮ್ಮ ಅಂಗೈ ಮೇಲೆ ಬರೆದುಕೊಂಡಳು.

*

ದಾಖಲೆ ಕೋಣೆಯಲ್ಲಿ ಹುಡುಕಲು ಒಂದೂವರೆ ಗಂಟೆ ಹಿಡಿಯಿತು. ಸಿಕ್ಕಿದ್ದು ಎರಡು ಕಾಗದ.

ಮೊದಲನೆಯದು ಬಾಟಲಿಯ ಫಾರಂ. ವರದಿ ಓದಿದ್ದರಿಂದ ಬಾಟಲಿಯ ವಿಷಯ ಅವಳಿಗೆ ಅಷ್ಟಿಷ್ಟು ತಿಳಿದಿತ್ತು. ಹೊಸ ಬಾವಿಯ ತಳಕ್ಕೆ ಒಂದು ಉಕ್ಕಿನ ಬಾಟಲಿ ಇಳಿಸುತ್ತಾರೆ. ಅದು ಅಲ್ಲೇ ಬಾಯಿ ಮುಚ್ಚಿಕೊಳ್ಳುತ್ತದೆ, ಎಣ್ಣೆಯನ್ನು ಅದರೊಳಗೆ ಕರಗಿದ ಗ್ಯಾಸಿನ ಸಮೇತ ಹಿಡಿದುಕೊಂಡು. ಮೇಲೆ ತಂದು ತೆರೆದಾಗ ಗ್ಯಾಸ್ ಹೊರಟು ಎಣ್ಣೆ ಕುಗ್ಗುತ್ತದೆ. ಎಷ್ಟು ಕುಗ್ಗಿತು ಎನ್ನುವುದರ ಮೇಲೆ ಇಡೀ ಬಾವಿಯ ಲೆಕ್ಕ ನಿಲ್ಲುತ್ತದೆ.

ಆದರೆ ಬಾಟಲಿ ಇಳಿಸುವ ಮುಂಚೆ ಬಾವಿಯ ಹರಿವನ್ನು ಎರಡು ದಿನ ತಗ್ಗಿಸಿ ತಣಿಯಲು ಬಿಡಬೇಕು. ರಭಸವಾಗಿ ಹರಿಯುವಾಗ ಹಿಡಿದರೆ ಗ್ಯಾಸ್ ಕೆಳಗೇ ಬೇರೆಯಾಗಿರುತ್ತದೆ. ಬಾಟಲಿಗೆ ಸಿಗುವುದು ಗ್ಯಾಸ್ ಹೋದ ಸೋಡಾ.

ಫಾರಂನಲ್ಲಿ ಅಂದವಾದ ಅಕ್ಷರಗಳಿದ್ದವು: 'ಎರಡು ದಿನ ಬಾವಿಯನ್ನು ತಣಿಸಿದ ಬಳಿಕ ತೆಗೆದದ್ದು.' ಕೆಳಗೆ ಮೇಷ್ಟ್ರ ಸಹಿ. ತಾರೀಖು ಅವಳ ಅಂಗೈ ಮೇಲಿನದೇ.

ಎರಡನೆಯದು ಟೇಪಣ್ಣನ ಅಳತೆ ಪುಸ್ತಕ. ಅದೇ ತಾರೀಖು, ಅದರ ಹಿಂದಿನ ದಿನ. ನಾಲ್ಕು ಗಂಟೆಗೊಮ್ಮೆ ಒಂದು ಸಾಲು. ಪ್ರತಿ ಸಾಲಿಗೂ ಟ್ಯಾಂಕು ನಲವತ್ತು ಸೆಂಟಿ ಏರಿತ್ತು. ತಣಿಸಿದ ಬಾವಿ ಟ್ಯಾಂಕನ್ನು ಹಾಗೆ ತುಂಬುವುದಿಲ್ಲ.

ಗಡಿಯಾರ ಒಂದೂ ಮುಕ್ಕಾಲು ತೋರಿಸುತ್ತಿತ್ತು.

*

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಂಪನಿಗೆ ಬಂದ ಹೊಸಬರಿಗೆಲ್ಲ ನೆಲದಡಿ ಏನಿದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿ ಆ ಹೆಸರು ಬಂದಿತ್ತು. ಅವರ ಕೋಣೆಯಲ್ಲಿ ಕೊಳವೆಗಳೊಳಗೆ ಸುತ್ತಿಟ್ಟ ನಕ್ಷೆಗಳು, ತಟ್ಟೆಯಲ್ಲಿ ಸಾಲಾಗಿ ಇಟ್ಟ ಕಲ್ಲಿನ ತುಂಡುಗಳು, ಬ್ಲೇಡಿನಲ್ಲಿ ಚೂಪು ಮಾಡಿದ ಏಳೆಂಟು ಪೆನ್ಸಿಲ್. ನಿವೃತ್ತಿಗೆ ಒಂದೂವರೆ ವರ್ಷ ಬಾಕಿ.

"ಬನ್ನಿ, ಕೂತ್ಕೊಳ್ಳಿ. ಮುಖ ನೋಡಿದ್ರೆ ಟ್ಯಾಂಕ್ ಹತ್ತಿ ಬಂದ ಹಾಗಿದೆ."

"ಹತ್ತಿದ್ದೆ ಮೇಷ್ಟ್ರೇ. ಇಳಿಯೋದೇ ಕಷ್ಟ ಆಯ್ತು."

ಅವಳು ಎರಡೂ ಕಾಗದವನ್ನು ಅವರ ಮುಂದೆ ಅಕ್ಕಪಕ್ಕ ಇಟ್ಟಳು. ಅಂಗಡಿಯವರ ಮುಂದೆ ಅಸಲಿ ಬಟ್ಟು, ಕಳ್ಳ ಬಟ್ಟು ಎರಡನ್ನೂ ಅವಳು ಇಡುತ್ತಿದ್ದದ್ದು ಹೀಗೇ.

ಮೇಷ್ಟ್ರು ಮೊದಲು ಫಾರಂ ನೋಡಿದರು, ಆಮೇಲೆ ಪುಸ್ತಕ, ಮತ್ತೆ ಫಾರಂ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಲು ಶುರುಮಾಡಿದರು. ಅದು ಸ್ವಚ್ಛವಾಗಿಯೇ ಇತ್ತು.

"ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ," ಎಂದಳು ಅವಳು.

"ಟೇಪಣ್ಣ ಸುಳ್ಳು ಅಳತೆ ಬರೆಯೋನಲ್ಲ."

"ಅಂದ್ರೆ?"

"ಅಂದ್ರೆ... ಇನ್ನೊಂದು." ಕನ್ನಡಕ ಮತ್ತೆ ಮೂಗಿನ ಮೇಲೆ ಬಂತು. "ಕೇಳಿ, ಎಲ್ಲ ಹೇಳ್ತೀನಿ. ಯಾರಾದ್ರೂ ಕೇಳಲಿ ಅಂತಾನೇ ಕಾಯ್ತಿದ್ದೆನೋ ಏನೋ."

"ಆ ದಿನ ನೀವು ಬಾವಿ ಹತ್ತಿರ ಇದ್ರಾ?"

"ಇರಲಿಲ್ಲ. ನನ್ನ ಹೆಂಡತಿಗೆ ಕಣ್ಣಿನ ಆಪರೇಷನ್ ಇತ್ತು. ಬಾಟಲಿಯ ವ್ಯಾನು ಬಾಡಿಗೇದು, ಆ ಒಂದೇ ದಿನಕ್ಕೆ ಬಂದಿತ್ತು. ಇಲ್ಲಿ ಸಮಾರಂಭ. ಬಾವಿ ತಗ್ಗಿಸಿದ್ರೆ ಬೆಂಕಿ ಚಿಕ್ಕದಾಗುತ್ತೆ, ದೊಡ್ಡವರಿಗೆ ತೋರಿಸೋಕೆ ಏನೂ ಇರಲ್ಲ. ವ್ಯಾನಿನವರು ಭಾಷಣ ಮುಗಿಯೋವರೆಗೆ ಕಾದು, ಹರಿಯೋ ಬಾವಿಗೇ ಬಾಟಲಿ ಇಳಿಸಿ, ತುಂಬ್ಕೊಂಡು ಹೋದ್ರು."

"ಈ ಸಾಲು ಬರೆದಿರೋದು ನಿಮ್ಮ ಕೈಯಲ್ಲಿ."

"ಹಿಂದಿನ ವಾರವೇ ಬರೆದಿಟ್ಟಿದ್ದೆ. ನಾನು ಯಾವಾಗ್ಲೂ ಹಾಗೆ. ಹತ್ತು ಫಾರಂ ಒಟ್ಟಿಗೆ ತುಂಬಿ ಸಹಿ ಹಾಕಿಡ್ತೀನಿ. ತಣಿಸದೆ ಬಾಟಲಿ ಇಳಿಸ್ತಾರೆ ಅಂತ ನನ್ನ ತಲೆಗೇ ಬರಲಿಲ್ಲ ಕಣಮ್ಮ. ಯಾರು ಹಾಗೆ ಮಾಡ್ತಾರೆ?"

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಔಷಧಿ ಅಂಗಡಿಯ ತಕ್ಕಡಿಯನ್ನು ತಕ್ಕಡಿಯಮ್ಮನೂ ದೂರದಿಂದಲೇ ನೋಡಿ ಮುದ್ರೆ ಒತ್ತಿ ಬಂದಿದ್ದಳು. ಎರಡು ದಿನ ನಿದ್ದೆ ಬರದೆ, ಮೂರನೆಯ ದಿನ ತಾನೇ ಹೋಗಿ ಮುದ್ರೆ ಕಿತ್ತಳು. ಅದು ಸಣ್ಣ ತಕ್ಕಡಿ. ಕಿತ್ತಾಗ ಯಾರೂ ನೋಡಲಿಲ್ಲ. ಈ ಮನುಷ್ಯನ ಜಾಗದಲ್ಲಿ ತಾನಿದ್ದರೆ ಕೀಳುತ್ತಿದ್ದೆನೇ ಎಂದು ಕೇಳಿಕೊಂಡಳು. ಖಚಿತವಾಗಿ ಹೌದು ಎನ್ನಲು ಆಗಲಿಲ್ಲ.

"ಯಾವಾಗ ಗೊತ್ತಾಯ್ತು?"

"ಎರಡನೇ ವರ್ಷ. ಉರಿಸೋ ಗ್ಯಾಸಿಗೆ ಮೀಟರ್ ಇದೆ. ನಾನು ಹೇಳಿದ್ದಕ್ಕಿಂತ ನಾಲ್ಕು ಪಟ್ಟು ತೋರಿಸ್ತಿತ್ತು. ಮೀಟರ್ ಕೆಟ್ಟಿದೆ ಅಂತ ಬದಲಾಯಿಸಿದೆ. ಹೊಸದೂ ಅಷ್ಟೇ ತೋರಿಸ್ತು."

"ನಾಲ್ಕು ವರ್ಷ ಹೊಟ್ಟೆಯಲ್ಲೇ ಇಟ್ಕೊಂಡ್ರಿ."

"ಅಂದಾಜು ತಾನೇ ಅನ್ಕೊಂಡೆ. ಅಂದಾಜು ಹೆಚ್ಚುಕಮ್ಮಿ ಆಗೋದು ಇದ್ದದ್ದೇ, ಮುಂದೆ ನಿಧಾನಕ್ಕೆ ತಿದ್ದಿದ್ರಾಯ್ತು ಅಂತ. ಪ್ರತಿ ವರ್ಷ ಮುಂದಿನ ವರ್ಷ ಅನ್ಕೊಂಡೆ. ಹನ್ನೆರಡು ಬಾವಿಗಳಿಗೆ ನನ್ನ ಸಹಿ ಇದೆ. ಇದು ತಪ್ಪು ಅಂದ್ರೆ ಉಳಿದ ಹನ್ನೊಂದನ್ನೂ ಅನುಮಾನದಿಂದ ನೋಡ್ತಾರೆ."

"ಟೇಪಣ್ಣನ ಹೆಸರು ಬಂತಲ್ಲ, ಆಗ?"

ಮೇಷ್ಟ್ರು ಒಂದು ಪೆನ್ಸಿಲ್ ಎತ್ತಿ ಅದರ ಚೂಪನ್ನು ಹೆಬ್ಬೆರಳಿಗೆ ಒತ್ತಿಕೊಂಡರು.

"ದಿನಾ ಬೆಳಿಗ್ಗೆ ನನಗೆ ನಮಸ್ಕಾರ ಹಾಕಿ ಹೋಗ್ತಾನೆ. ಇವತ್ತೂ ಹಾಕಿದ. ನಾನೂ ಹಾಕಿದೆ. ಇನ್ನೇನು ಹೇಳಲಿ, ನೀವೇ ಹೇಳಿ."

"ಬೈಯೋಕೆ ಬಂದಿಲ್ಲ ನಾನು. ಈಗ ಎರಡೂವರೆ. ನಾಲ್ಕಕ್ಕೆ ದೂರು ಹೋಗುತ್ತೆ. ಲೆಕ್ಕ ತಿದ್ದಿ ಕೊಡ್ತೀರಾ?"

ಅವರು ಎದ್ದು ಬೋರ್ಡಿನ ಹತ್ತಿರ ಹೋದರು. ಸೀಮೆಸುಣ್ಣ ಕೈಗೆ ಬಂದದ್ದೇ ದನಿ ಬದಲಾಯಿತು. ಅಪರಾಧಿ ಹೋಗಿ ಮೇಷ್ಟ್ರು ಬಂದರು.

"ಸುಲಭ ಇದೆ. ನೋಡಿ. ನೆಲದ ಕೆಳಗಿಂದ ಐದೂವರೆ ಲಕ್ಷ ಪೀಪಾಯಿ ಹೊರಡುತ್ತೆ ಅಂತ ಬಂಡೆಯ ಲೆಕ್ಕ. ಆ ಲೆಕ್ಕದಲ್ಲಿ ತಪ್ಪಿಲ್ಲ. ಕೆಟ್ಟ ಬಾಟಲಿ ಏನು ಹೇಳ್ತು? ಕೆಳಗೆ ಹನ್ನೊಂದು ಪೀಪಾಯಿ ಇದ್ದದ್ದು ಕುಗ್ಗಿ ಮೇಲೆ ಹತ್ತು ಆಗುತ್ತೆ ಅಂತು. ಹಾಗಾಗಿ ಐದು ಲಕ್ಷ ಅಂತ ಬರೆದೆ. ಮೀಟರ್ ಪ್ರಕಾರ ನಿಜ ಏನು? ಕೆಳಗೆ ಹದಿನಾಲ್ಕು ಇದ್ರೆ ಮೇಲೆ ಹತ್ತು. ಮಿಕ್ಕದ್ದೆಲ್ಲ ಗ್ಯಾಸಾಗಿ ಆ ಕೊಳವೆ ತುದೀಲಿ ಉರಿದು ಹೋಯ್ತು."

ಭಾಗಿಸಿದರು. ಸುಣ್ಣ ಕಿರುಗುಟ್ಟಿತು. ಮೂರು ಲಕ್ಷ ತೊಂಬತ್ತಮೂರು ಸಾವಿರ.

"ಅಂದ್ರೆ ಒಂದು ಲಕ್ಷ ಏಳು ಸಾವಿರ ಪೀಪಾಯಿ ಇರಲೇ ಇಲ್ಲ," ಎಂದಳು ತಕ್ಕಡಿಯಮ್ಮ ನಿಧಾನವಾಗಿ. "ಇಲ್ಲದ ಎಣ್ಣೆ ಕದ್ದ ಅಂತ ಅವನನ್ನ ಹಿಡ್ಕೊಂಡಿದ್ದಾರೆ."

"ಹೌದು."

ಅವಳಿಗೆ ಎದೆ ಹಗುರಾಯಿತು. ಆ ಹಗುರವನ್ನು ಅನುಭವಿಸಲು ಅವಳ ಸ್ವಭಾವ ಬಿಡಲಿಲ್ಲ. ಬೋರ್ಡನ್ನು ಮತ್ತೆ ನೋಡಿದಳು.

"ಟ್ಯಾಂಕಿಗೆ ಬಂದದ್ದು ಮೂರು ಹತ್ತು. ನೀವು ಈಗ ಬರೆದಿರೋದು ಮೂರು ತೊಂಬತ್ತಮೂರು."

"ಹೌದು," ಎಂದರು ಮೇಷ್ಟ್ರು ಮತ್ತೆ. ಈ ಸಲದ ಹೌದು ಬೇರೆ ಥರ ಇತ್ತು.

"ಎಂಬತ್ತಮೂರು ಸಾವಿರ ಇನ್ನೂ ಕಾಣಿಸ್ತಿಲ್ಲ."

"ಇಲ್ಲ."

"ಇದೂ ಅಂದಾಜಿನ ತಪ್ಪೇ ಇರಬಹುದಲ್ಲ?"

"ಇರಬಹುದು ಅಂತ ಹೇಳಿ ಬಾಯಿ ಮುಚ್ಚಿಸಬಹುದು ನಿಮ್ಮನ್ನ. ಆದರೆ ಸಾಕು, ಇನ್ನು ಮುಚ್ಚಿಡೋದು ಬೇಡ." ಅವರು ಕುರ್ಚಿಗೆ ಮರಳಿದರು. "ಹೋದ ತಿಂಗಳು ಬಾವಿಯನ್ನ ಮೂರು ದಿನ ಮುಚ್ಚಿ ತಳದ ಒತ್ತಡ ನೋಡಿದ್ದೀವಿ. ಸೈಕಲ್ ಟ್ಯೂಬು ಇದ್ದ ಹಾಗೆ. ಎಷ್ಟು ಗಾಳಿ ಹೋಯ್ತೋ ಅಷ್ಟು ಮೆತ್ತಗಾಗುತ್ತೆ. ನೆಲ ಎಷ್ಟು ಮೆತ್ತಗಾಗಿದೆ ನೋಡಿದ್ರೆ ಮೂರು ಲಕ್ಷ ತೊಂಬತ್ತರ ಹತ್ತಿರ ಹೊರಗೆ ಹೋಗಿರಲೇಬೇಕು. ಆ ಎಂಬತ್ತಮೂರು ಸಾವಿರ ಅಲ್ಲಿ ಇತ್ತು. ಈಗ ಅಲ್ಲಿಲ್ಲ. ಟ್ಯಾಂಕಿಗೂ ಬಂದಿಲ್ಲ."

"ಮತ್ತೆಲ್ಲಿ?"

"ಬಾವಿಯ ಪೈಪು ಒಳಗೆಲ್ಲೋ ಬಿರುಕು ಬಿಟ್ಟು, ಮೇಲಿನ ಇನ್ನೊಂದು ಪದರಕ್ಕೆ ಸೋರಿ ಹೋಗಿರಬಹುದು. ಕೆಲವು ಬಾವಿಗಳಲ್ಲಿ ಆಗುತ್ತೆ. ಹಾಗಾದ್ರೆ ಯಾರೂ ಕಳ್ಳರಲ್ಲ. ಎಷ್ಟು ಸೋರಿತು ಅಂತ ಯಾವ ದೇವರಿಗೂ ಸರಿಯಾಗಿ ಹೇಳೋಕೆ ಆಗಲ್ಲ."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಮೂರು ದಿನಕ್ಕೊಂದು ಟ್ಯಾಂಕರ್. ಆರು ವರ್ಷ."

ಆಮೇಲೆ ಮೇಷ್ಟ್ರು ಬಿಳಿ ಹಾಳೆ ಎಳೆದುಕೊಂಡು ಬರೆಯತೊಡಗಿದರು. ತಣಿಸದ ಬಾವಿ, ಮುಂಚೆಯೇ ಸಹಿ ಹಾಕಿದ ಫಾರಂ, ಗೊತ್ತಿದ್ದೂ ಸುಮ್ಮನಿದ್ದ ನಾಲ್ಕು ವರ್ಷ. ಎಲ್ಲಿಯೂ ತಮ್ಮನ್ನು ಉಳಿಸಿಕೊಳ್ಳುವ ಒಂದು ಮಾತೂ ಇರಲಿಲ್ಲ. ಸಹಿ ಹಾಕುವಾಗ ಮಾತ್ರ ಪೆನ್ನು ಒಂದು ಗಳಿಗೆ ಗಾಳಿಯಲ್ಲಿ ನಿಂತಿತು.

"ನಲವತ್ತು ವರ್ಷದಲ್ಲಿ ನೋಡಿ ಹಾಕಿದ ಸಹಿ ಇದೊಂದೇ ಅನ್ನಿಸ್ತಿದೆ," ಎಂದು ನಗಲು ನೋಡಿದರು.

*

ನಾಲ್ಕಕ್ಕೆ ಹದಿನೈದು ನಿಮಿಷ. ಮ್ಯಾನೇಜರ್ ಹಾಳೆಯನ್ನು ಎರಡು ಸಲ ಓದಿ, ಮೇಜಿನ ಮೇಲಿದ್ದ ದೂರಿನ ಲಕೋಟೆಯ ಪಕ್ಕ ಇಟ್ಟರು. ಕೋಪ ಬಂದಂತೆ ಕಾಣಲಿಲ್ಲ. ದಣಿದಂತೆ ಕಂಡರು.

"ಎಣ್ಣೆ ಇರಲೇ ಇಲ್ಲ ಅಂತೀರಾ?"

"ಇತ್ತು ಸಾರ್. ಅಷ್ಟು ಇರಲಿಲ್ಲ."

"ಪೂರ್ತಿ ಸರಿಹೋಯ್ತಾ?"

ಸುಮ್ಮನೆ ತಲೆಯಾಡಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ತಕ್ಕಡಿಯಮ್ಮನಿಗೆ ಅದು ಬರುವುದಿಲ್ಲ.

"ಇಲ್ಲ. ಒಂದಷ್ಟು ಇನ್ನೂ ಉಳಿದಿದೆ. ಪೈಪು ಒಳಗೇ ಸೋರಿರಬಹುದು ಅಂತ ಮೇಷ್ಟ್ರು ಹೇಳ್ತಾರೆ. ಎಷ್ಟು ಅಂತ ಸೋಮವಾರ ಬರೆದು ಕೊಡ್ತೀನಿ, ಇನ್ನೊಂದು ಸಲ ಕೂಡಿ ಕಳೆದು."

"ದೂರು ಬರೆದಿರೋದು ಒಂದು ಲಕ್ಷ ತೊಂಬತ್ತು ಸಾವಿರಕ್ಕೆ. ಅರ್ಧಕ್ಕಿಂತ ಹೆಚ್ಚು ಹೀಗೆ ಗಾಳಿಗೆ ಹೋದ ಮೇಲೆ ಇದನ್ನ ತಗೊಂಡು ಯಾವ ಠಾಣೆಗೆ ಹೋಗಲಿ?" ಅವರು ಲಕೋಟೆಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. "ನೀವೂ ಒಂದು ಸಾಲು ಬರೆದು ಸಹಿ ಹಾಕಿ. ನಾಳೆಯೂ ಅವನು ಎಂದಿನಂತೆ ಕೆಲಸಕ್ಕೆ ಬರಲಿ."

ಅವಳು ಬರೆದಳು: 'ಟ್ಯಾಂಕ್ ಅಳೆಯುವವನು ಕದ್ದನೆಂಬುದಕ್ಕೆ ಆಧಾರ ಕಂಡುಬಂದಿಲ್ಲ.' ಓದಿ ನೋಡಿದಳು. ಪ್ರತಿ ಪದವೂ ನಿಜವಾಗಿತ್ತು. ಸಹಿ ಹಾಕಿದಳು.

*

ಗೇಟಿನ ಹೊರಗೆ ಗಂಡ ಹೆಂಡತಿ ಇಬ್ಬರೂ ಕಾಯುತ್ತಿದ್ದರು. ಸುದ್ದಿ ಅವಳಿಗಿಂತ ಮುಂಚೆ ಓಡಿಬಂದಿತ್ತು. ಟೇಪಣ್ಣನ ಹೆಂಡತಿ ತಕ್ಕಡಿಯಮ್ಮನ ಎರಡೂ ಕೈ ಹಿಡಿದು ಅಲ್ಲಾಡಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಮಕ್ಕಳಿಗೆ ಹೇಳಿ ಬರ್ತೀನಿ, ನೀವು ಹಾಗೇ ಹೋಗಬಾರದು," ಎಂದು ಮನೆ ಕಡೆ ಹೆಚ್ಚುಕಮ್ಮಿ ಓಡಿದಳು.

ಟೇಪಣ್ಣನೂ ತಕ್ಕಡಿಯಮ್ಮನೂ ಅವಳ ಹಿಂದೆ ನಿಧಾನವಾಗಿ ನಡೆದರು. ರಸ್ತೆ ಮೇಲೆ ಇಳಿಬಿಸಿಲು.

"ಮೇಷ್ಟ್ರಿಗೆ ಏನಾಗುತ್ತೆ?" ಎಂದು ಕೇಳಿದ ಟೇಪಣ್ಣ.

"ಸಹಿ ಹಾಕೋ ಅಧಿಕಾರ ಹೋಗಬಹುದು."

"ಪಾಪ. ಒಳ್ಳೇ ಮನುಷ್ಯ. ಬಾವಿ ಹತ್ತಿರ ಬರೋದು ಕಡಿಮೆ, ಅಷ್ಟೇ." ನಾಲ್ಕು ಹೆಜ್ಜೆ ನಡೆದ. "ಎಲ್ಲ ಸರಿಹೋಗಲಿಲ್ಲ ಅಂತ ಮ್ಯಾನೇಜರ್ ಕೋಣೆ ಹೊರಗೆ ಮಾತಾಡ್ಕೊಳ್ತಿದ್ರು. ಇನ್ನೂ ಉಳಿದಿದೆಯಂತೆ. ಎಷ್ಟು ಅಂದ್ರು ಮೇಷ್ಟ್ರು?"

ಅವಳಿಗೆ ದಣಿವಾಗಿತ್ತು. ಸಮಾಧಾನವೂ ಆಗಿತ್ತು. ಇವನಿಗೆ ಹೇಳಿದರೆ ತಪ್ಪೇನು ಎಂದು ಎಣಿಸುವಷ್ಟರಲ್ಲಿ ಬಾಯಿ ಆಡಿಬಿಟ್ಟಿತ್ತು.

"ಎಂಬತ್ತಮೂರು ಸಾವಿರ."

"ಅಂದಾಜು ಮಾಡೋರು ಹಾಗೇ, ದುಂಡಗೆ ಮಾಡಿಬಿಡ್ತಾರೆ," ಎಂದ ಅವನು. ಟ್ಯಾಂಕಿನ ಮೇಲೆ ನಿಂತು ಅಳತೆ ಕೂಗಿ ಹೇಳುವ ಅದೇ ದನಿ, ಹೆಮ್ಮೆಯೂ ಇಲ್ಲ, ಅಳುಕೂ ಇಲ್ಲ. "ಎಂಬತ್ತೆರಡು ಸಾವಿರದ ಒಂಬೈನೂರ ನಲವತ್ತೊಂದು."

ತಕ್ಕಡಿಯಮ್ಮ ನಿಂತಳು.

ಅವನೂ ಎರಡು ಹೆಜ್ಜೆ ಮುಂದೆ ಹೋಗಿ ನಿಂತ. ತಿರುಗಲಿಲ್ಲ. ಹೇಳಿದ್ದೇನು ಎಂದು ಅವನಿಗೂ ಆಗ ಅರಿವಾಗಿರಬೇಕು.

ನೆಲದೊಳಗೆ ಸೋರಿದ ಎಣ್ಣೆಗೆ ಯಾರೂ ಟೇಪು ಇಳಿಸಲಾರರು. ಕೊನೆಯ ಒಂದು ಪೀಪಾಯಿವರೆಗೆ ಲೆಕ್ಕ ಹೇಳಬೇಕಾದರೆ ಆ ಎಣ್ಣೆ ಎಲ್ಲೋ ಒಂದು ಕಡೆ, ಸೂರ್ಯನ ಬೆಳಕಿನಲ್ಲಿ, ಒಂದು ಪಾತ್ರೆಯೊಳಗೆ ನಿಂತಿರಬೇಕು. ಅದರ ಮುಚ್ಚಳ ತೆಗೆದು ಆರು ವರ್ಷ ಈ ಮನುಷ್ಯ ಅಳೆದಿರಬೇಕು. ಅವಳ ಸಹಿ ಇನ್ನೂ ಹಸಿಯಾಗಿತ್ತು.

"ಎಲ್ಲಿ ಅಳೆದೆ?" ಎಂದಳು.

ಮನೆಯ ಬಾಗಿಲಲ್ಲಿ ಅವನ ಹೆಂಡತಿ ಚಿಕ್ಕ ಮಗಳನ್ನು ಮುಂದೆ ನಿಲ್ಲಿಸಿಕೊಂಡು, ಬನ್ನಿ ಬನ್ನಿ ಎಂದು ಇಬ್ಬರಿಗೂ ಕೈ ಬೀಸುತ್ತಿದ್ದಳು.

ಆ ಎಣ್ಣೆಯನ್ನು ಅವನು ತನಗಾಗಿ ಅಳೆದನೋ, ಬೇರೆಯವರು ಕದಿಯುತ್ತಿದ್ದುದನ್ನು ಒಬ್ಬನೇ ನೋಡುತ್ತಾ ಗುಟ್ಟಾಗಿ ಬರೆದಿಟ್ಟನೋ, ತಕ್ಕಡಿಯಮ್ಮನಿಗೆ ತಿಳಿಯಲಿಲ್ಲ. ಅಂದು ಸಂಜೆ ಅವಳು ಆ ಮನೆಯ ಹೊಸ್ತಿಲು ದಾಟಿದಳೋ, ಗೇಟಿನ ಕಡೆ ವಾಪಸು ತಿರುಗಿದಳೋ ಎಂಬುದು ಕೂಡ ನನಗೆ ಇನ್ನೂ ಖಚಿತವಾಗಿಲ್ಲ.